156 ಟನ್ ಶರಬತ್ತು

ಬೇಸಿಗೆಯಲ್ಲಿ ನನಗೊಂದು ಅಭ್ಯಾಸ. ರಾತ್ರಿ ನಿಂಬೆ ಶರಬತ್ತು ಮಾಡಿ, ಬಾಟಲಿಗೆ ತುಂಬಿಸಿ ಫ್ರೀಜರಿನಲ್ಲಿ ಇಟ್ಟುಬಿಡ್ತೀನಿ. ಬೆಳಿಗ್ಗೆ ಕಲ್ಲಿನಂತಾದ ಬಾಟಲಿಯನ್ನ ಬ್ಯಾಗಿಗೆ ಹಾಕ್ಕೊಂಡು ಆಫೀಸಿಗೆ ಹೊರಡೋದು. ಸಿಲ್ಕ್ ಬೋರ್ಡ್ ದಾಟೋ ಹೊತ್ತಿಗೆ ಒಂದಿಷ್ಟು ಕರಗಿರುತ್ತೆ. ಆ ಮೊದಲ ಗುಟುಕು ಗಂಟಲು ಕಟ್ಟುವಷ್ಟು ಸಿಹಿ, ಹುಳಿಯೂ ಜಾಸ್ತಿ. ಮಧ್ಯಾಹ್ನ ಊಟದ ಹೊತ್ತಿಗೆ ಉಳಿದಿರೋದು ಸಪ್ಪೆ ಐಸು, ಅದರಿಂದ ಇಳಿಯೋದು ಸಪ್ಪೆ ನೀರು. ಶರಬತ್ತು ಮಾಡಿದಾಗ ಚೆನ್ನಾಗಿ ಕಲಸಿದ್ದೆ, ಎಲ್ಲ ಕಡೆ ಒಂದೇ ರುಚಿ ಇತ್ತು. ಹೆಪ್ಪುಗಟ್ಟುವಾಗ ಅದು ತನ್ನಷ್ಟಕ್ಕೆ ತಾನೇ ಬೇರೆಬೇರೆಯಾಗಿಬಿಡ್ತು. ನೀರಿಗೆ ಮೊದಲು ಒಬ್ಬಂಟಿಯಾಗಿ ಹರಳಾಗೋ ಆಸೆ. ಸಕ್ಕರೆಯನ್ನೂ ಹುಳಿಯನ್ನೂ ಅದು ಇನ್ನೂ ಗಟ್ಟಿಯಾಗದ ಭಾಗದ ಕಡೆಗೆ ತಳ್ಳುತ್ತಾ ಹೋಗುತ್ತೆ. ಕೊನೆಗೆ ಉಳಿಯೋ ನಾಲ್ಕು ಚಮಚ ದ್ರವದಲ್ಲಿ ಅರ್ಧ ಬಾಟಲಿಯ ರುಚಿ ತುಂಬಿಕೊಂಡಿರುತ್ತೆ.

ಕರಗಿದ ಉಕ್ಕು ಹೆಪ್ಪುಗಟ್ಟುವಾಗಲೂ ಆಗೋದು ಇದೇ. ಅಲ್ಲಿ ನೀರಿನ ಜಾಗದಲ್ಲಿ ಕಬ್ಬಿಣ, ಸಕ್ಕರೆಯ ಜಾಗದಲ್ಲಿ ಕಾರ್ಬನ್, ಗಂಧಕ, ರಂಜಕ. ಲೋಹದವರು ಇದಕ್ಕೆ ಸೆಗ್ರಿಗೇಶನ್ ಅಂತಾರೆ. ಬೆಂಗಳೂರಿನವರಿಗೆ ಆ ಪದ ಕೇಳಿದ ತಕ್ಷಣ ಹಸಿ ಕಸ, ಒಣ ಕಸ ನೆನಪಾಗುತ್ತೆ. ನಾವು ಮಾಡಿ ಅಂದ್ರೂ ಮಾಡಲ್ಲ, ಉಕ್ಕು ಬೇಡ ಅಂದ್ರೂ ಮಾಡುತ್ತೆ. ವ್ಯತ್ಯಾಸ ಅಷ್ಟೇ.

ಇದನ್ನ ಬರೀ ಅಡುಗೆಮನೆ ವಿಜ್ಞಾನ ಅಂದುಕೊಂಡು ಬಿಡಬಹುದಿತ್ತು. ಆದರೆ 2015ರ ಏಪ್ರಿಲ್ 7ರಂದು ಫ್ರಾನ್ಸಿನ ಅಣು ಸುರಕ್ಷತಾ ಪ್ರಾಧಿಕಾರ ಎಎಸ್‌ಎನ್ ಒಂದು ಪ್ರಕಟಣೆ ಹೊರಡಿಸಿತು. ನಾರ್ಮಂಡಿಯ ಕಡಲತೀರದ ಫ್ಲಮನ್ವಿಲ್‌ನಲ್ಲಿ ಕಟ್ಟುತ್ತಿದ್ದ ಹೊಸ ಇಪಿಆರ್ ರಿಯಾಕ್ಟರಿನ ಒತ್ತಡ ಪಾತ್ರೆಯ ಮುಚ್ಚಳ ಮತ್ತು ತಳದ ಉಕ್ಕಿನಲ್ಲಿ, ಮಧ್ಯಭಾಗದಲ್ಲಿ, ಕಾರ್ಬನ್ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ ಅಂತ. ಮಿತಿ ಇದ್ದದ್ದು ನೂರಕ್ಕೆ 0.22. ಸಿಕ್ಕಿದ್ದು 0.30.

ಇಷ್ಟಕ್ಕೆ ಇಷ್ಟೊಂದು ಗಲಾಟೆಯಾ ಅನ್ನಿಸಬಹುದು. ಅಡುಗೆಮನೆಯ ಇನ್ನೊಂದು ಉದಾಹರಣೆ ತಗೊಳ್ಳಿ. ಬೀಡುಕಬ್ಬಿಣದ ದೋಸೆ ಕಾವಲಿ ಕೈತಪ್ಪಿ ಬಿದ್ರೆ ಸೀಳುತ್ತೆ, ತೆಳ್ಳನೆಯ ಕಬ್ಬಿಣದ ಬಾಂಡ್ಲಿ ಬಿದ್ರೆ ಹೆಚ್ಚೆಂದರೆ ನೆಗ್ಗುತ್ತೆ. ಮೊದಲನೆಯದರಲ್ಲಿ ಕಾರ್ಬನ್ ನೂರಕ್ಕೆ ಮೂರರ ಮೇಲೆ, ಎರಡನೆಯದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ರಿಯಾಕ್ಟರ್ ಉಕ್ಕಿನ ಲೆಕ್ಕ ಇವೆರಡರ ನಡುವೆ ಬಹಳ ಸಣ್ಣ ಅಂತರದಲ್ಲಿ ನಡೆಯುತ್ತೆ, ಆದರೆ ದಿಕ್ಕು ಅದೇ. ಕಾರ್ಬನ್ ಏರಿದಷ್ಟೂ ಉಕ್ಕು ಗಡಸಾಗುತ್ತೆ, ಪೆಟ್ಟು ತಿಂದು ನುಂಗಿಕೊಳ್ಳೋ ಗುಣ ಇಳಿಯುತ್ತೆ. ಆ ಗುಣ ಅಳೆಯೋದಕ್ಕೆ ಸಣ್ಣ ತುಂಡಿಗೆ ಲೋಲಕದ ಸುತ್ತಿಗೆಯಿಂದ ಹೊಡೆದು, ಮುರಿಯೋಕೆ ಎಷ್ಟು ಶಕ್ತಿ ಬೇಕಾಯ್ತು ಅಂತ ನೋಡ್ತಾರೆ. ಕನಿಷ್ಠ 60 ಜೂಲ್ ಬೇಕಿತ್ತು. ಅದೇ ವಿಧಾನದಲ್ಲಿ ಮಾಡಿದ ಇನ್ನೊಂದು ಮುಚ್ಚಳವನ್ನ ಬಲಿಕೊಟ್ಟು ಕತ್ತರಿಸಿ ಪರೀಕ್ಷಿಸಿದಾಗ ಸಿಕ್ಕಿದ್ದು 36ರಿಂದ 64, ಸರಾಸರಿ 52. ಅಣು ರಿಯಾಕ್ಟರಿನಲ್ಲಿ ಬೇರೆ ಏನು ಕೆಟ್ಟರೂ ಅದಕ್ಕೊಂದು ಬದಲಿ ವ್ಯವಸ್ಥೆ ಇರುತ್ತೆ. ಪಂಪ್ ನಿಂತರೆ ಇನ್ನೊಂದು ಪಂಪ್, ಕರೆಂಟ್ ಹೋದರೆ ಡೀಸೆಲ್ ಜನರೇಟರ್. ಒತ್ತಡ ಪಾತ್ರೆ ಸೀಳಿದರೆ ಮಾತ್ರ ಬದಲಿ ಇಲ್ಲ. ಅದು ಸೀಳೋದೇ ಇಲ್ಲ ಅನ್ನೋ ನಂಬಿಕೆಯ ಮೇಲೆ ಉಳಿದದ್ದೆಲ್ಲ ನಿಂತಿದೆ.

ನನಗೆ ಆಶ್ಚರ್ಯ ಆಗಿದ್ದು ತಪ್ಪಿನ ಬಗ್ಗೆ ಅಲ್ಲ, ಅದರ ವಯಸ್ಸಿನ ಬಗ್ಗೆ. ಸೆಗ್ರಿಗೇಶನ್ ಏನು ಹೊಸದಾಗಿ ಕಂಡ ಕಾಯಿಲೆಯಾ?

ಅಲ್ಲವೇ ಅಲ್ಲ. ನಿಜ ಹೇಳಬೇಕಂದ್ರೆ ಒಂದು ಕಾಲದಲ್ಲಿ ಅದು ಕಾಯಿಲೆಯೂ ಆಗಿರಲಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡ್ತಿದ್ದನ್ನ 1800-01ರಲ್ಲಿ ಇಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕನನ್ ವಿವರವಾಗಿ ಬರೆದಿಟ್ಟಿದ್ದಾನೆ. ಯುರೋಪಿನವರು ಅದನ್ನ ವೂಟ್ಜ್ ಅಂದರು. ಆ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂದದ್ದು ಅನ್ನೋದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಆ ಪುಟ್ಟ ಗಟ್ಟಿಗಳಿಂದ ಬಡಿದ ಕತ್ತಿಯ ಮೇಲೆ ನೀರಿನ ಅಲೆಯಂಥ ಚಿತ್ತಾರ ಏಳ್ತಿತ್ತಲ್ಲ, ಅದು ಹೇಗೆ ಅಂತ ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ 1990ರ ದಶಕದಲ್ಲಿ ಕೂತು ಬಿಡಿಸಿದರು. ಹೆಪ್ಪುಗಟ್ಟುವಾಗ ಹರಳುಗಳ ಸಂದಿಗೆ ತಳ್ಳಲ್ಪಟ್ಟ ವನೇಡಿಯಮ್‌ನಂಥ ಧಾತುಗಳ ಲವಲೇಶವೇ ಆ ಗೆರೆಗಳಿಗೆ ಕಾರಣ ಅನ್ನೋದು ಅವರ ವಾದ. ಅಂದರೆ ಅದೇ ಸೆಗ್ರಿಗೇಶನ್, ಆದರೆ ಅಂಗೈಯಲ್ಲಿ ಹಿಡಿಯೋ ಗಾತ್ರದಲ್ಲಿ. ಅಲ್ಲಿ ಅದು ಅಂದ.

ತೊಂದರೆ ಶುರುವಾಗಿದ್ದು ಗಾತ್ರ ಬೆಳೆದಾಗ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಜರ್ಮನಿಯ ಆಲ್ಫ್ರೆಡ್ ಕ್ರುಪ್ ಎರಡು ಟನ್‌ಗೂ ಮಿಕ್ಕಿದ ಒಂದೇ ಉಕ್ಕಿನ ಗಟ್ಟಿ ತಂದಿಟ್ಟು ಎಲ್ಲರ ಬಾಯಿ ಮುಚ್ಚಿಸಿದ. ಇಂಥ ಗಟ್ಟಿಗೆ ಕಾರ್ಖಾನೆ ಭಾಷೆಯಲ್ಲಿ ಇಂಗಾಟ್ ಅನ್ನೋದು. ಆಮೇಲೆ ಎಲ್ಲ ದೇಶಕ್ಕೂ ದೊಡ್ಡ ಫಿರಂಗಿ ಬೇಕು, ದೊಡ್ಡ ಹಡಗಿನ ಶಾಫ್ಟ್ ಬೇಕು. ಫಿರಂಗಿಗಳು ಹಾರಿಸುವಾಗ ಒಡೆಯೋದಕ್ಕೂ ಶುರುವಾದವು. ಸೇಂಟ್ ಪೀಟರ್ಸ್‌ಬರ್ಗಿನ ಒಬುಖೋವ್ ಕಾರ್ಖಾನೆಯಲ್ಲಿ ಯಾಕೆ ಹೀಗೆ ಅಂತ ಹುಡುಕೋ ಕೆಲಸ ಬಿದ್ದದ್ದು ದ್ಮಿತ್ರಿ ಚೆರ್ನೋವ್ ಅನ್ನೋ ಯುವ ಎಂಜಿನಿಯರ್‌ಗೆ. ಉಕ್ಕನ್ನ ಯಾವ ಬಿಸಿಯಲ್ಲಿ ಬಡಿಯಬೇಕು ಅನ್ನೋ ಅವನ 1868ರ ಕೆಲಸ ಪ್ರಸಿದ್ಧ. ನಮ್ಮ ಕಥೆಗೆ ಮುಖ್ಯವಾದದ್ದು ಹತ್ತು ವರ್ಷ ಬಿಟ್ಟು ಅವನು ಗಟ್ಟಿಯ ಒಳಗೆ ಹರಳು ಹೇಗೆ ಬೆಳೆಯುತ್ತೆ ಅಂತ ಮಾಡಿದ ಅಧ್ಯಯನ. 100 ಟನ್ ಗಟ್ಟಿಯೊಂದರ ತಲೆಯ ಟೊಳ್ಳಿನಲ್ಲಿ ಸಿಕ್ಕ ಒಂದೇ ಒಂದು ಹರಳು ಅವನ ಸಂಗ್ರಹದಲ್ಲಿತ್ತು. ಉದ್ದ 39 ಸೆಂಟಿಮೀಟರ್, ತೂಕ 3.45 ಕಿಲೋ. ಅದರ ಚಿತ್ರ ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ಬರುತ್ತೆ. ನೋಡೋಕೆ ಥೇಟ್ ಕ್ರಿಸ್ಮಸ್ ಮರ.

ಈ ಮರದ ಹತ್ತಿರ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಎಲ್ಲ ಇಲ್ಲೇ ಇದೆ.

ಕರಗಿದ ಉಕ್ಕನ್ನ ಅಚ್ಚಿಗೆ ಸುರಿದಾಗ ಅಚ್ಚಿನ ಗೋಡೆ ತಣ್ಣಗಿರುತ್ತೆ. ಅಲ್ಲಿಂದ ಒಳಕ್ಕೆ ಇಂಥ ಮರಗಳ ಕಾಡು ಬೆಳೆಯುತ್ತೆ. ಮೊದಲು ಹುಟ್ಟೋ ಹರಳಿನಲ್ಲಿ ಸುತ್ತಲಿನ ದ್ರವದಲ್ಲಿರೋ ಕಾರ್ಬನ್‌ನ ಸುಮಾರು ಐದನೇ ಒಂದು ಭಾಗ ಮಾತ್ರ ಇರುತ್ತೆ, ಗಂಧಕವಂತೂ ಇನ್ನೂ ಕಡಿಮೆ. ಉಳಿದದ್ದು ರೆಂಬೆಗಳ ಸಂದಿಯ ದ್ರವಕ್ಕೆ ಹೋಯ್ತು. ಸಣ್ಣ ಗಟ್ಟಿಯಾದರೆ ಅಷ್ಟರಲ್ಲಿ ಎಲ್ಲ ಹೆಪ್ಪುಗಟ್ಟಿ, ಕಥೆ ಅಲ್ಲಿಗೇ ನಿಲ್ಲುತ್ತೆ. ದೊಡ್ಡ ಗಟ್ಟಿಯಲ್ಲಿ ಆ ದ್ರವಕ್ಕೆ ತಿರುಗಾಡೋಕೆ ಸಮಯ ಸಿಗುತ್ತೆ. ಕಾರ್ಬನ್, ಗಂಧಕ ತುಂಬಿದ ದ್ರವ ಹಗುರ, ಹಾಗಾಗಿ ಮೇಲಕ್ಕೆ ಏಳುತ್ತೆ. ಏಳುತ್ತಾ ಅರೆಗಟ್ಟಿಯಾದ ಕಾಡಿನೊಳಗೆ ತನಗೆ ತಾನೇ ಕಾಲುವೆ ಕೊರೆದುಕೊಳ್ಳುತ್ತೆ. ಗಟ್ಟಿಯನ್ನ ಉದ್ದಕ್ಕೆ ಸೀಳಿ ನೋಡಿದರೆ ಆ ಕಾಲುವೆಗಳು ಎರಡೂ ಕಡೆಯಿಂದ ಒಳಕ್ಕೆ ವಾಲಿ, ಇಂಗ್ಲಿಷಿನ ಎ ಅಕ್ಷರದ ಕಾಲುಗಳ ಹಾಗೆ ಕಾಣುತ್ತವೆ. ಹಳೇ ಕೆಲಸಗಾರರು ಇವನ್ನ ಭೂತದ ಗೆರೆಗಳು ಅಂತ ಕರೀತಿದ್ರು. ನಡುಮಧ್ಯದಲ್ಲಿ ಉಕ್ಕು ಕುಗ್ಗಿ ಕುಸಿಯುವಾಗ ಮೂಡೋ ಇನ್ನೊಂದು ಸಾಲು ವಿ ಆಕಾರದ್ದು. ಅತ್ತ, ಮುರಿದು ಬಿಡಿಯಾದ ಶುದ್ಧ ಹರಳುಗಳು ಭಾರಕ್ಕೆ ಮುಳುಗಿ ತಳದಲ್ಲಿ ರಾಗಿ ರಾಶಿಯ ಹಾಗೆ ಗುಡ್ಡೆ ಬೀಳುತ್ತವೆ. ಒಟ್ಟಿನಲ್ಲಿ ತಳದ ಮಧ್ಯ ಸಪ್ಪೆ, ತಲೆಯ ಮಧ್ಯ ಸಿಹಿ. ನನ್ನ ಬಾಟಲಿಯೇ.

ಸಮಯ ಎಷ್ಟು ಸಿಗುತ್ತೆ ಅನ್ನೋದೇ ಇಲ್ಲಿ ನಿಜವಾದ ಖಳನಾಯಕ. ಶ್ವೋರಿನೋವ್ ಅನ್ನೋ ಎಂಜಿನಿಯರ್ 1940ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ಹೆಪ್ಪುಗಟ್ಟೋ ಸಮಯ ದಪ್ಪದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ದಪ್ಪ ಹತ್ತು ಪಟ್ಟಾದರೆ ಸಮಯ ನೂರು ಪಟ್ಟು. ನೂರಾರು ಟನ್‌ನ ಗಟ್ಟಿ ಪೂರ್ತಿ ಗಟ್ಟಿಯಾಗೋಕೆ ದಿನಗಟ್ಟಲೆ ಬೇಕು. ಆಮೇಲೆ ಕಾಯಿಸಿ ಸರಿಮಾಡೋಣ ಅಂದ್ರೆ ಅದೂ ಆಗಲ್ಲ. ವಾರವಿಡೀ ಕೆಂಪಗೆ ಕಾಯಿಸಿಟ್ಟರೂ ಕಾರ್ಬನ್ ಸರಿಯೋದು ಸೆಂಟಿಮೀಟರ್ ಲೆಕ್ಕದಲ್ಲಿ, ದಾಟಬೇಕಾದ ದೂರ ಮೀಟರ್ ಲೆಕ್ಕದಲ್ಲಿ.

ಇದನ್ನೆಲ್ಲ ಮೊದಮೊದಲು ಜನ ಊಹೆ ಮಾಡಿದ್ದರು, ಕಣ್ಣಾರೆ ಕಂಡಿರಲಿಲ್ಲ. 1906ರಲ್ಲಿ ಜರ್ಮನಿಯ ಬೌಮನ್ ಒಂದು ಜಾಣ ಉಪಾಯ ಹುಡುಕಿದ. ಫೋಟೋ ಕಾಗದವನ್ನ ಆಮ್ಲದಲ್ಲಿ ನೆನೆಸಿ, ನಯಮಾಡಿದ ಉಕ್ಕಿನ ಮೇಲೆ ಒತ್ತಿದರೆ ಗಂಧಕ ಇರೋ ಕಡೆಯೆಲ್ಲ ಕಂದು ಕಲೆ ಬೀಳುತ್ತೆ. ಒಂದು ಥರ ಉಕ್ಕಿನ ಎಕ್ಸ್‌ರೇ. ಆಮೇಲೆ 1924ರಲ್ಲಿ ಬ್ರಿಟನ್ನಿನ ಐರನ್ ಅಂಡ್ ಸ್ಟೀಲ್ ಇನ್‌ಸ್ಟಿಟ್ಯೂಟ್ ಇದಕ್ಕೆಂದೇ ಒಂದು ಸಮಿತಿ ಮಾಡಿತು. ಶೆಫೀಲ್ಡಿನ ಡಬ್ಲ್ಯೂ. ಎಚ್. ಹ್ಯಾಟ್‌ಫೀಲ್ಡ್ ಅದರ ಮುಖ್ಯ ಶಕ್ತಿ. ನಮ್ಮ ಅಡುಗೆಮನೆಯ ಸ್ಟೇನ್‌ಲೆಸ್ ಪಾತ್ರೆಯ 18/8 ಉಕ್ಕಿನ ಹಿಂದೆಯೂ ಇರೋದು ಇದೇ ಹೆಸರು. ಸಮಿತಿಯವರು ಮಾಡಿದ್ದು ಬಹಳ ದುಬಾರಿ, ಬಹಳ ಪ್ರಾಮಾಣಿಕ ಕೆಲಸ. ಗಟ್ಟಿಗಳನ್ನ ಮಾರೋ ಬದಲು ಸೀಳಿದರು. ಚಿಕ್ಕವು, ದೊಡ್ಡವು, ನೂರು ಟನ್ ದಾಟಿದ ದೈತ್ಯವನ್ನೂ ಬಿಡಲಿಲ್ಲ. ಅಡಿಯಿಂದ ಮುಡಿಯವರೆಗೆ ತೂತು ಕೊರೆದು ಪುಡಿ ತೆಗೆದು, ಎಲ್ಲಿ ಎಷ್ಟು ಕಾರ್ಬನ್ ಅಂತ ನಕ್ಷೆ ಬರೆದರು. ಮೊದಲ ವರದಿ 1926ರಲ್ಲಿ ಬಂತು. ಮೇಲೆ ನಾನು ಹೇಳಿದ ಚಿತ್ರ, ಎ, ವಿ, ತಳದ ಗುಡ್ಡೆ, ತಲೆಯ ಸಿಹಿ, ಇಷ್ಟೂ ಹೊತ್ತಿಗೆ ಗೊತ್ತಿತ್ತು. ಅದು ಯಾಕೆ ಹಾಗೆ ಅನ್ನೋದರ ಗಣಿತವನ್ನ 1967ರ ಸುಮಾರಿಗೆ ಎಂಐಟಿಯ ಮರ್ಟನ್ ಫ್ಲೆಮಿಂಗ್ಸ್ ತಂಡ ಕಟ್ಟಿಕೊಟ್ಟಿತು.

ಗೊತ್ತಾದ ಮೇಲೆ ಏನು ಮಾಡಿದರು? ಕತ್ತರಿಸಿ ಎಸೆದರು. ಗಟ್ಟಿಯ ತಲೆಯ ಮೇಲೆ ಬಿಸಿ ಟೋಪಿ ಹಾಕಿ, ಕೊನೇ ದ್ರವ ಅಲ್ಲೇ ಉಳಿಯೋ ಹಾಗೆ ನೋಡಿಕೊಂಡು, ಆ ತಲೆಯನ್ನೂ ಒಂದಿಷ್ಟು ತಳವನ್ನೂ ತೆಗೆದುಹಾಕೋದು. ಎಷ್ಟು ಕತ್ತರಿಸಬೇಕು ಅನ್ನೋದರಲ್ಲಿ ಮಾತ್ರ ಎಂಜಿನಿಯರ್‌ಗೂ ಅಕೌಂಟೆಂಟ್‌ಗೂ ಯಾವತ್ತೂ ಜಗಳ. ಉಕ್ಕಿನ ಹೊಟ್ಟೆಯೊಳಗಿನ ದೋಷದ ಬೆಲೆ ಏನು ಅನ್ನೋದು 1954ರಲ್ಲಿ ಅಮೆರಿಕದಲ್ಲಿ ಕಂಡಿತು. ವಿದ್ಯುತ್ ಸ್ಥಾವರಗಳ ದೊಡ್ಡ ರೋಟರ್‌ಗಳು ಸಾಲಾಗಿ ತಿರುಗುತ್ತಿದ್ದಾಗಲೇ ಸಿಡಿದವು, ಡಿಸೆಂಬರಿನಲ್ಲಿ ಶಿಕಾಗೋ ಬಳಿಯ ರಿಜ್‌ಲ್ಯಾಂಡ್‌ನಲ್ಲಿ ಸಿಡಿದದ್ದು ಅವುಗಳಲ್ಲೊಂದು. ಅಲ್ಲಿ ಕಾರ್ಬನ್ ಒಂದೇ ಅಪರಾಧಿ ಅಲ್ಲ. ಕರಗಿದ್ದ ಹೈಡ್ರೋಜನ್, ಒಳಗೆ ಸಿಕ್ಕಿಕೊಂಡ ಕಲ್ಮಶ, ಸೆಗ್ರಿಗೇಶನ್, ಎಲ್ಲ ಸೇರಿ ಕೆಲಸ ಕೆಡಿಸಿದ್ದವು. ಅದಾದ ಮೇಲೆ ನಿರ್ವಾತದಲ್ಲಿ ಉಕ್ಕು ಸುರಿಯೋದು ದೊಡ್ಡ ಗಟ್ಟಿಗಳಿಗೆ ಕಡ್ಡಾಯದಂತೆ ಆಯ್ತು.

ಅಷ್ಟರಲ್ಲಿ ಅಣು ರಿಯಾಕ್ಟರ್ ಬಂತು. ಮೊದಲಿನ ಒತ್ತಡ ಪಾತ್ರೆಗಳನ್ನ ದಪ್ಪ ತಗಡು ಬಗ್ಗಿಸಿ ಬೆಸುಗೆ ಹಾಕಿ ಮಾಡ್ತಿದ್ದರು. ಬೆಸುಗೆ ಜಾಸ್ತಿ ಇದ್ದಷ್ಟೂ ಚಿಂತೆ ಜಾಸ್ತಿ, ತಪಾಸಣೆ ಜಾಸ್ತಿ. ಹಾಗಾಗಿ ಒಂದೇ ಗಟ್ಟಿಯಿಂದ ಇಡೀ ಉಂಗುರವನ್ನ ಬಡಿದು ತೆಗೆಯೋಣ ಅನ್ನೋ ಕಡೆ ಹೋದರು. ಬೆಸುಗೆಯ ಚಿಂತೆ ಹೋಯ್ತು, ಗಟ್ಟಿಯ ಗಾತ್ರದ ಚಿಂತೆ ಬಂತು. (ಇಲ್ಲಿ ನಮ್ಮ ಕೈಗಾ ನೆನಪಾಗುತ್ತೆ. ಅಲ್ಲಿ ಇಂಥ ದೈತ್ಯ ಪಾತ್ರೆಯೇ ಇಲ್ಲ. ಒತ್ತಡವನ್ನ ತಡೆಯೋದು ಪ್ರತಿ ಘಟಕದ 306 ಸಣ್ಣ ಕೊಳವೆಗಳು. ಆ ವಿನ್ಯಾಸದ ಮೂಲ ಕೆನಡಾ. 1950ರ ದಶಕದಲ್ಲಿ ಕೆನಡಾದವರು ಕೊಳವೆಯ ದಾರಿ ಹಿಡಿಯೋಕೆ ಒಂದು ಕಾರಣ, ಅಷ್ಟು ದೊಡ್ಡ ಪಾತ್ರೆ ಬಡಿಯೋ ಕಾರ್ಖಾನೆ ಅವರ ಹತ್ತಿರ ಇಲ್ಲದ್ದು. 2018ರ ಕೊನೆಗೆ 962 ದಿನ ಸತತ ಓಡಿ ದಾಖಲೆ ಮಾಡಿದ ಕೈಗಾ ಒಂದನೇ ಘಟಕ ಈ ಇಲ್ಲದಿರುವಿಕೆಯ ಮೊಮ್ಮಗು.)

ಗಾತ್ರದ ಚಿಂತೆಗೆ ಅತ್ಯುತ್ತಮ ಉತ್ತರ ಕೊಟ್ಟವರು ಜಪಾನಿನ ಹೊಕ್ಕೈಡೊ ದ್ವೀಪದ ಮುರೊರಾನ್ ಊರಿನವರು. ಜಪಾನ್ ಸ್ಟೀಲ್ ವರ್ಕ್ಸ್, 1907ರಲ್ಲಿ ಬ್ರಿಟನ್ನಿನ ಆರ್ಮ್‌ಸ್ಟ್ರಾಂಗ್ ಮತ್ತು ವಿಕರ್ಸ್ ಪಾಲುದಾರಿಕೆಯಲ್ಲಿ ಫಿರಂಗಿಗಾಗಿ ಶುರುವಾದ ಕಂಪನಿ. ಕಾರ್ಖಾನೆಯ ಆವರಣದಲ್ಲೇ 1918ರಿಂದ ಸಾಂಪ್ರದಾಯಿಕ ಕತ್ತಿ ಮಾಡೋ ಒಂದು ಕುಲುಮೆ ಇದೆ, ಪಕ್ಕದಲ್ಲಿ 14,000 ಟನ್ ಒತ್ತಡದ ಪ್ರೆಸ್. ಇವರು 600 ಟನ್ ಮೀರಿದ ಗಟ್ಟಿ ಎರೆಯುತ್ತಾರೆ. ಇಷ್ಟು ಉಕ್ಕು ಒಂದೇ ಕುಲುಮೆಯಲ್ಲಿ ಕರಗಲ್ಲ, ಹೇಗೂ ಹಲವು ಬಕೆಟ್‌ಗಳಿಂದ ಒಂದಾದ ಮೇಲೊಂದು ಸುರಿಯಲೇಬೇಕು. ಹಾಗಿದ್ದ ಮೇಲೆ ಎಲ್ಲ ಬಕೆಟ್ಟಿನಲ್ಲೂ ಒಂದೇ ಉಕ್ಕು ಯಾಕಿರಬೇಕು? ಮೊದಲ ಬಕೆಟ್ಟಿನಲ್ಲಿ ಕಾರ್ಬನ್ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ, ಆಮೇಲಿನದರಲ್ಲಿ ಕಡಿಮೆ, ಕೊನೆಯದರಲ್ಲಿ ಇನ್ನೂ ಕಡಿಮೆ. ತಲೆಯ ಕಡೆ ಸಿಹಿ ಏರುತ್ತೆ ಅಂತ ಗೊತ್ತಲ್ಲ, ಅಲ್ಲಿಗೆ ಸಪ್ಪೆ ಶರಬತ್ತನ್ನೇ ಸುರಿದುಬಿಡೋದು. ಪ್ರಕೃತಿಯ ಜೊತೆ ಗುದ್ದಾಡೋ ಬದಲು, ಅದು ಎಷ್ಟು ತಪ್ಪು ಮಾಡುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಅಷ್ಟೇ ಉಲ್ಟಾ ತಪ್ಪನ್ನ ನಾವೇ ಮಾಡಿಡೋದು. ಇದರ ಜೊತೆಗೆ ಸಿಲಿಕಾನ್ ಕಡಿಮೆ ಮಾಡಿದರೆ ಭೂತದ ಗೆರೆಗಳೂ ತಗ್ಗುತ್ತವೆ ಅಂತ ಕಂಡುಕೊಂಡರು.

ಫ್ರಾನ್ಸಿನಲ್ಲಿ ಈ ಕೆಲಸ ಲ ಕ್ರೂಸೋ ಊರಿನದು. 1836ರಲ್ಲಿ ಶ್ನೈಡರ್ ಸಹೋದರರು ಅಲ್ಲಿನ ಕಾರ್ಖಾನೆ ಕೊಂಡು ಬೆಳೆಸಿದರು, 1870ರ ದಶಕದಲ್ಲಿ ಅಲ್ಲಿ ನಿಲ್ಲಿಸಿದ 100 ಟನ್‌ನ ಉಗಿ ಸುತ್ತಿಗೆ ಈಗ ಊರಿನ ಸ್ಮಾರಕ. ಇಲ್ಲಿನವರೂ ದಡ್ಡರೇನಲ್ಲ. ನಡುವೆ ಟೊಳ್ಳಿರೋ ಗಟ್ಟಿ ಎರೆಯೋದು, ತಳದಿಂದ ಮೇಲಕ್ಕೆ ಒಂದೇ ದಿಕ್ಕಿನಲ್ಲಿ ಹೆಪ್ಪುಗಟ್ಟಿಸೋದು, ಎರಡೂ ವಿದ್ಯೆ ಅವರ ಹತ್ತಿರ ಇತ್ತು. ಆದರೆ 2006-07ರ ಸುಮಾರಿಗೆ ಫ್ಲಮನ್ವಿಲ್‌ನ ಮುಚ್ಚಳ, ತಳಗಳಿಗೆ ಬಳಸಿದ್ದು 156 ಟನ್‌ನ ಸಾಧಾರಣ ಗಟ್ಟಿ.

ಆಕಾರದ ಒಂದು ಸೂಕ್ಷ್ಮ ಇಲ್ಲಿದೆ. ಪಾತ್ರೆಯ ಪಕ್ಕದ ಉಂಗುರ ಮಾಡುವಾಗ ಗಟ್ಟಿಯ ನಡುವೆ ತೂತು ಹೊಡೀತಾರೆ, ಉದ್ದಿನ ವಡೆಯ ಹಾಗೆ. ಕೆಟ್ಟದ್ದು ಇರೋದೇ ನಡುವೆ, ಅದು ತೂತಿನ ಜೊತೆ ಹೋಗಿಬಿಡುತ್ತೆ. ಮುಚ್ಚಳಕ್ಕೆ ಈ ಅದೃಷ್ಟ ಇಲ್ಲ. ಅದಕ್ಕೆ ಗಟ್ಟಿಯನ್ನ ನೇರವಾಗಿ ಒತ್ತಿ, ಚಪಾತಿ ಹಿಟ್ಟಿನ ಉಂಡೆಯ ಹಾಗೆ ಅಗಲ ಮಾಡಿ, ಆಮೇಲೆ ಬೋಗುಣಿಯ ಆಕಾರಕ್ಕೆ ತರ್ತಾರೆ. ಗಟ್ಟಿಯ ನಡುಭಾಗ ಮುಚ್ಚಳದ ನಡುಭಾಗವಾಗಿ ಅಲ್ಲೇ ಕೂರುತ್ತೆ. ತಲೆಯ ಕಡೆಯಿಂದ ಸಾಕಷ್ಟು ಕತ್ತರಿಸದಿದ್ದರೆ ಆ ಸಿಹಿ ಭಾಗವೂ ಜೊತೆಗೇ ಬಂತು. ಇನ್ನು ಪರೀಕ್ಷೆಯ ತುಂಡು ತೆಗೀತಿದ್ದದ್ದು ಎಲ್ಲಿಂದ ಅಂದುಕೊಂಡಿರಿ? ಅಂಚಿನಿಂದ. ಕೆಲಸಕ್ಕೆ ಬರೋ ಭಾಗವನ್ನ ನಡುವೆ ಕೊರೆದು ಹಾಳುಮಾಡೋಕೆ ಆಗಲ್ಲವಲ್ಲ. ಅಂಚಿನಲ್ಲಿ ಎಲ್ಲ ಸರಿಯಾಗೇ ಇತ್ತು. ಸಾಫ್ಟ್‌ವೇರ್‌ನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಟೆಸ್ಟ್ ಕೇಸ್ ಎಲ್ಲ ಪಾಸ್, ತಪ್ಪಿದ್ದದ್ದು ಟೆಸ್ಟ್ ಬರೆಯದೇ ಬಿಟ್ಟ ಕಡೆ.

ನಡುವಿನದನ್ನೂ ಸಾಬೀತು ಮಾಡಿ ಅಂತ ಕೇಳಿದ್ದು 2005ರ ಡಿಸೆಂಬರಿನ ಹೊಸ ಫ್ರೆಂಚ್ ನಿಯಮ. ಉಕ್ಕಿನಲ್ಲಿ ಏರುಪೇರಾಗೋ ಅಪಾಯವನ್ನ ಹಿಡಿತದಲ್ಲಿ ಇಟ್ಟಿದ್ದೀವಿ ಅಂತ ತಯಾರಕರೇ ತೋರಿಸಬೇಕು ಅನ್ನೋದು ಅದರ ಸಾರ. ತೋರಿಸೋ ಪರೀಕ್ಷೆ ನಡೆದದ್ದು 2014ರಲ್ಲಿ. ಅದೇ ವರ್ಷ ಜನವರಿಯಲ್ಲಿ ಪಾತ್ರೆಯನ್ನ ಅದರ ಗುಂಡಿಯೊಳಗೆ ಇಳಿಸಿ ಕೂರಿಸಿಯಾಗಿತ್ತು. ಉತ್ತರ ಬರೋ ಮೊದಲೇ.

ಹುಡುಕೋಕೆ ಶುರು ಮಾಡಿದ ಮೇಲೆ ಇನ್ನೂ ಸಿಕ್ಕಿತು. 2016ರಲ್ಲಿ, ಓಡುತ್ತಿರೋ 58 ಫ್ರೆಂಚ್ ರಿಯಾಕ್ಟರ್‌ಗಳಲ್ಲಿ 18ರ ಉಗಿ ಜನಕಗಳ ತಳಭಾಗದಲ್ಲೂ ಇದೇ ಅನುಮಾನ ಅಂತಾಯ್ತು. ಕೆಲವು ಲ ಕ್ರೂಸೋದವು, ಹೆಚ್ಚಿನವು ಜಪಾನಿನ ಇನ್ನೊಂದು ಕಂಪನಿಯವು (ಮುರೊರಾನ್‌ನದಲ್ಲ). ಆ ಅಕ್ಟೋಬರಿನಲ್ಲಿ ಐದು ರಿಯಾಕ್ಟರ್‌ಗಳನ್ನ ನಿಗದಿಗಿಂತ ಮೊದಲೇ ನಿಲ್ಲಿಸಿ ಪರೀಕ್ಷಿಸಿ ಅಂತ ಎಎಸ್‌ಎನ್ ಆದೇಶಿಸಿತು, ಚಳಿಗಾಲ ಬಾಗಿಲಲ್ಲಿ ನಿಂತಿರುವಾಗ. ಲ ಕ್ರೂಸೋದ ಹಳೇ ಕಡತಗಳನ್ನ ತೆಗೆದು ನೋಡಿದಾಗ ದಶಕಗಳ ಹಿಂದಿನಿಂದಲೂ ನೂರಾರು ಕಡತಗಳಲ್ಲಿ ಅಕ್ರಮ ಕಂಡುಬಂತು. ಅಳತೆ ಒಂದು, ಗ್ರಾಹಕನಿಗೆ ಕೊಟ್ಟ ಕಾಗದದಲ್ಲಿ ಇನ್ನೊಂದು. ಉಕ್ಕಿನ ಭೌತಶಾಸ್ತ್ರವನ್ನ ಕ್ಷಮಿಸಬಹುದು, ಇದನ್ನ ಹೇಗೆ ಕ್ಷಮಿಸೋದೋ ಗೊತ್ತಿಲ್ಲ.

ಫ್ಲಮನ್ವಿಲ್‌ನದನ್ನ ಏನು ಮಾಡೋದು? ಇನ್ನಷ್ಟು ಮುಚ್ಚಳಗಳನ್ನ ಬಲಿಕೊಟ್ಟು, ಕತ್ತರಿಸಿ, ನಡುವಿನಿಂದ ಅಂಚಿನವರೆಗೆ ಕಾರ್ಬನ್ ನಕ್ಷೆ ತೆಗೆದರು. ಥೇಟ್ 1926ರ ಸಮಿತಿಯ ಕೆಲಸ, 90 ವರ್ಷ ತಡವಾಗಿ. 2017ರಲ್ಲಿ ಎಎಸ್‌ಎನ್ ಹೇಳಿದ್ದು ಹೀಗೆ: ಉಕ್ಕಿನ ಗಟ್ಟಿತನ ಅಂದುಕೊಂಡದ್ದಕ್ಕಿಂತ ಕಡಿಮೆ, ಆದರೆ ಬೇಕಾದಷ್ಟು ಇದೆ. ಸಣ್ಣ ಬಿರುಕೊಂದು ಹುಟ್ಟಿ ಬೆಳೆಯುತ್ತಿಲ್ಲ ಅಂತ ಕಾಲಕಾಲಕ್ಕೆ ತಪಾಸಣೆ ಮಾಡ್ತಾ ಇದ್ದರೆ ಬಳಸಬಹುದು. ತಳಕ್ಕೆ ಅಂಥ ತಪಾಸಣೆ ಸಾಧ್ಯ. ಮುಚ್ಚಳದಲ್ಲಿ ಅದು ಸಾಧ್ಯ ಅಂತ ಖಚಿತವಾಗಲಿಲ್ಲ. ಆದ್ದರಿಂದ 2024ರ ಕೊನೆಯೊಳಗೆ ಮುಚ್ಚಳ ಬದಲಾಗಬೇಕು ಅಂದರು. ರಿಯಾಕ್ಟರ್ ಎಷ್ಟು ತಡವಾಯ್ತು ಅಂದ್ರೆ ಆ ಗಡುವು ಬಂದಾಗ ಅದು ಇನ್ನೂ ಸರಿಯಾಗಿ ಶುರುವೇ ಆಗಿರಲಿಲ್ಲ. 2023ರಲ್ಲಿ ಗಡುವನ್ನ ಮುಂದೂಡಿ, ಮೊದಲ ದೊಡ್ಡ ನಿಲುಗಡೆಯವರೆಗೆ ಇದೇ ಮುಚ್ಚಳ ಸಾಕು ಅಂತ ತೀರ್ಮಾನಿಸಿದರು. 2012ಕ್ಕೆ ಮುಗಿಯಬೇಕಿದ್ದ, 3.3 ಶತಕೋಟಿ ಯೂರೋ ಅಂದಿದ್ದ ಸ್ಥಾವರ, ನಿರ್ಮಿಸಿದ ಇಡಿಎಫ್ ಕಂಪನಿಯ ಲೆಕ್ಕದಲ್ಲೇ 13.2 ಶತಕೋಟಿ ನುಂಗಿ 2024ರ ಡಿಸೆಂಬರ್ 21ರಂದು ಗ್ರಿಡ್‌ಗೆ ಸೇರಿತು. ಈ ಎಲ್ಲ ತಡಕ್ಕೂ ಕಾರ್ಬನ್ ಕಾರಣ ಅಂತ ಹೇಳೋದು ಅನ್ಯಾಯ. ಬೆಸುಗೆ, ಕಾಂಕ್ರೀಟು, ಎಲ್ಲದರ ಪಾಲೂ ಇದೆ.

ಮುಚ್ಚಳವನ್ನ ಆ ಮೊದಲ ನಿಲುಗಡೆಯಲ್ಲಿ ಬದಲಾಯಿಸ್ತಾರೆ. ತಳ ಪಾತ್ರೆಗೇ ಬೆಸೆದುಕೊಂಡಿದೆ, ಅದನ್ನ ಬಿಚ್ಚೋಕೆ ಬರಲ್ಲ. ಆ ಗಟ್ಟಿಯ ನಡುವಿನ ಸಿಹಿ, ರಿಯಾಕ್ಟರ್ ಇರೋವರೆಗೂ, ಕಾಂಕ್ರೀಟ್ ಗುಂಡಿಯ ಕೆಳಗೆ ಅಲ್ಲೇ ಇರುತ್ತೆ. ತಪಾಸಣೆಯವರು ಆಗಾಗ ಬಂದು ನೋಡಿಕೊಂಡು ಹೋಗಬೇಕು.